ಬೇರು ಗುರುತಿಸಿದವರ ಹೆಸರು

ಖಾಲಿ ಕಲಂ ಕಂಡರೆ ನನಗೆ ಆಗುವುದಿಲ್ಲ. ಇದು ಹುಟ್ಟುಗುಣವಲ್ಲ, ಬೈದು ಕಲಿಸಿದ ಗುಣ. ಮಂಗಳೂರಿನಲ್ಲಿ ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಒಬ್ಬರು ಪರೀಕ್ಷೆಯ ಹಾಳೆಯಲ್ಲಿ ಒಂದು ಗೆರೆ ಖಾಲಿ ಬಿಟ್ಟರೂ ಸುಮ್ಮನಿರುತ್ತಿರಲಿಲ್ಲ. “ಗೊತ್ತಿದ್ದದ್ದು ಪೂರ್ತಿ ಬರೀಬೇಕು. ಬರೆಯದೆ ಬಿಡುವುದು ಅಂದ್ರೆ ಸುಳ್ಳು ಹೇಳಿದ ಹಾಗೆ” ಅನ್ನುತ್ತಿದ್ದರು. ದೋಹಾಕ್ಕೆ ಬಂದ ಮೇಲೆ ಈ ಗುಣವೇ ನನಗೆ ಅನ್ನ ಹಾಕಿತು. ಇದೇ ಗುಣದಿಂದ ಒಮ್ಮೆ ಒಬ್ಬ ಚೀನೀ ಅಜ್ಜಿಯ ಅಂಗಡಿಗೆ ಬೀಗ ಬೀಳುವುದರಲ್ಲಿತ್ತು. ಆ ಕಥೆಯಲ್ಲಿ ತಪ್ಪು ನನ್ನದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಮ್ಮೆಯೂ ನನ್ನದೇ, ಅದನ್ನು ಆಮೇಲೆ ಹೇಳುತ್ತೇನೆ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ವೆಸ್ಟ್ ಬೇಯಲ್ಲಿ ನೋಡನೋಡುತ್ತಿದ್ದಂತೆ ಕಟ್ಟಡಗಳು ಮೇಲೇಳುತ್ತಿದ್ದ ಕಾಲ. ನಾನು ಕೆಲಸಕ್ಕಿದ್ದದ್ದು ಮಾತ್ರ ಅಲ್ ಮುಂತಜಾದ ಒಂದು ಹಳೆಯ ಕಟ್ಟಡದಲ್ಲಿ, ಲಿಫ್ಟ್ ಇದ್ದೂ ಇಲ್ಲದಂಥ ಕ್ಲಿಯರಿಂಗ್ ಆಫೀಸಿನಲ್ಲಿ. ಸಣ್ಣ ವ್ಯಾಪಾರಿಗಳಿಗೆ ಹೊರದೇಶದಿಂದ ಬರುವ ಸರಕಿಗೆ ಕಾಗದಪತ್ರ ಮಾಡಿ ಕಸ್ಟಮ್ಸಿನಿಂದ ಬಿಡಿಸಿಕೊಡುವುದು ನಮ್ಮ ಕಸುಬು. ಆಫೀಸು ನಡೆಸುತ್ತಿದ್ದವರು ಉಳ್ಳಾಲದ ಕಡೆಯ ಬ್ಯಾರಿ, ತಂದೆಯ ಕಾಲದಿಂದಲೂ ದೋಹಾದಲ್ಲೇ ಬೇರು ಬಿಟ್ಟವರು. ನಾನು ಅವರನ್ನು ಸಾಹೇಬ್ರೇ ಅನ್ನುತ್ತಿದ್ದೆ, ಅವರು ನನ್ನನ್ನು, ಕ್ರೈಸ್ತ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ, ಬಾಯಮ್ಮ ಅನ್ನುತ್ತಿದ್ದರು. ಇಂಗ್ಲಿಷು, ಅರಬಿ, ಮಲಯಾಳಂ, ಹಿಂದಿ ಎಲ್ಲ ಗಿರಾಕಿಗಳಿಗೆ. ಜಗಳ ಮಾತ್ರ ನಾವು ಕನ್ನಡದಲ್ಲೇ ಆಡುತ್ತಿದ್ದೆವು.

ನನ್ನ ಹತ್ತಿರ ಸಸ್ಯಶಾಸ್ತ್ರದ ಬಿ.ಎಸ್ಸಿ. ಪದವಿ ಇತ್ತು. ಕತಾರಿಗೆ ಹೊರಡುವ ಮುಂಚೆ ಆ ಸರ್ಟಿಫಿಕೇಟನ್ನು ದೆಹಲಿಯವರೆಗೆ ಕಳಿಸಿ ಸಾಲುಸಾಲು ಮುದ್ರೆ ಹೊಡೆಸಿಕೊಂಡು ತಂದಿದ್ದೆ. ಬಂದು ಹತ್ತು ವರ್ಷ ಕಳೆದರೂ ಅದನ್ನು ಯಾರೂ ಕೇಳಲಿಲ್ಲ. ಐನ್ ಖಾಲಿದಿನ ನಮ್ಮ ಮನೆಯ ಕಪಾಟಿನಲ್ಲಿ, ಮದುವೆ ಸೀರೆಯ ಕೆಳಗೆ, ಅದು ಹಾಯಾಗಿ ಮಲಗಿತ್ತು. ನಾನು ಟೈಪ್ ಮಾಡಿಕೊಂಡಿದ್ದೆ.

ಚೀನೀ ಅಜ್ಜಿಯ ಅಂಗಡಿ ನಮ್ಮ ಆಫೀಸಿನಿಂದ ಎರಡು ಗಲ್ಲಿ ಆಚೆ. ಬೋರ್ಡಿನ ಮೇಲೆ ‘ಒಣ ಗಿಡಮೂಲಿಕೆ ಮತ್ತು ಚಹಾ’ ಎಂದಷ್ಟೇ ಇತ್ತು. ಲೈಸೆನ್ಸಿನಲ್ಲಿ ಇದ್ದದ್ದೂ ಅಷ್ಟೇ. ಆದರೆ ಬರುವವರೆಲ್ಲ ಅವರನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಮಂಡಿನೋವಿನ ಕತಾರಿ ಅಜ್ಜಿಯರು, ದಿನವಿಡೀ ನಿಂತು ಕಾಲು ಊದಿಸಿಕೊಂಡ ಫಿಲಿಪ್ಪೀನಿನ ನರ್ಸುಗಳು, ಸೈಟುಗಳಲ್ಲಿ ಕೆಲಸ ಮಾಡುವ ಚೀನೀ ಎಂಜಿನಿಯರುಗಳು, ಸೊಂಟ ಹಿಡಿದುಕೊಂಡ ನನ್ನ ಗಂಡ ಕೂಡ. ಅಪ್ಪನಿಂದ ಕಲಿತ ವಿದ್ಯೆ ಅವರದು. ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ. ಅವರ ಇಂಗ್ಲಿಷು ಸ್ವಲ್ಪ, ಅರಬಿ ಸ್ವಲ್ಪ, ಕೋಪ ಬೇಕಾದಷ್ಟು. ಹೀಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದುತ್ತಿತ್ತು.

ವರ್ಷಕ್ಕೆರಡು ಬಾರಿ ಚೀನಾದಿಂದ ಅವರ ಸರಕು ಬರುತ್ತಿತ್ತು. ‘ಒಣ ಗಿಡಮೂಲಿಕೆ’ ಎಂದು ಒಂದೇ ಸಾಲು ಟೈಪ್ ಮಾಡಿದರೆ ಸಾಕು, ಬಾಗಿಲು ದಾಟಿ ಬಂದುಬಿಡುತ್ತಿತ್ತು. ಆಮೇಲೆ ಕಾನೂನು ಬಿಗಿಯಾಯಿತು. ಊರೂರಿನ ಪುಡಿ, ಗುಳಿಗೆ, ಬೇರು, ತೊಗಟೆ ಎಲ್ಲವೂ ಇನ್ನು ಮುಂದೆ ಮೂರರಲ್ಲಿ ಒಂದಾಗಬೇಕು: ಆಹಾರ, ಆಹಾರ ಪೂರಕ, ಇಲ್ಲವೇ ಔಷಧಿ. ಒಂದೊಂದಕ್ಕೂ ಗಿಡದ ಲ್ಯಾಟಿನ್ ಹೆಸರು, ಬಳಸಿದ ಭಾಗ, ತೂಕ, ಅರಬಿ ಲೇಬಲ್, ಹಂದಿಯ ಅಂಶವಾಗಲಿ ಮದ್ಯವಾಗಲಿ ಇಲ್ಲವೆಂಬ ಪತ್ರ, ಕಳಿಸಿದವರ ಪ್ರಮಾಣಪತ್ರ. ಸುತ್ತೋಲೆಯ ಕೊನೆಯ ಪುಟದಲ್ಲಿ ಇನ್ನೊಂದು ಮಾತಿತ್ತು: ಆಹಾರ ಪೂರಕದ ಮೇಲೆ ರೋಗದ ಹೆಸರು ಎತ್ತುವಂತಿಲ್ಲ. ಅದನ್ನು ನಾನು ಓದಿದ್ದೆ. ಅದು ಲೇಬಲ್ಲಿಗೆ ಹೇಳಿದ ಮಾತು, ಅರ್ಜಿಗಲ್ಲ ಎಂದುಕೊಂಡೆ.

ಅರ್ಜಿಯಲ್ಲಿ ‘ಉಪಯೋಗ’ ಎಂಬ ಕಲಂ ಇತ್ತು. ನೋಡಿ, ಇಲ್ಲಿ ಸಿಸ್ಟರ್ ಬಂದು ಹೆಗಲ ಮೇಲೆ ಕೂತರು. ಅಜ್ಜಿಯನ್ನು ಎದುರು ಕೂರಿಸಿಕೊಂಡು ಎರಡು ದಿನ ಕೇಳಿ ಕೇಳಿ ಬರೆದೆ. ಒಂದನೇ ಚೀಲ: ಹಳೆಯ ಕೆಮ್ಮು, ಕಫ. ಎರಡನೇ ಚೀಲ: ಬಾಣಂತಿಯ ಸುಸ್ತು, ಮುಟ್ಟಿನ ನೋವು. ಹೀಗೆ ಇಪ್ಪತ್ತಾರು ಚೀಲ. ಅಜ್ಜಿಗೂ ಖುಷಿ, ಯಾವ ಸರಕಾರಿ ಕಾಗದವೂ ಅವರನ್ನು ಇಷ್ಟು ಮರ್ಯಾದೆಯಿಂದ ಮಾತಾಡಿಸಿರಲಿಲ್ಲ. ಒಂದು ಅಂಗುಲ ಜಾಗ ಬಿಡದೆ ತುಂಬಿಸಿದ ಆ ಫೈಲನ್ನು ನಾನೇ ಕೈಯಾರೆ ಕೌಂಟರಿಗೆ ಒಯ್ದುಕೊಟ್ಟೆ.

ಕೌಂಟರಿನ ಅಧಿಕಾರಿ ಕತಾರಿ ಹೆಣ್ಣುಮಗಳು, ಔಷಧಶಾಸ್ತ್ರ ಓದಿದವರು. ಆಫೀಸಿನವರೆಲ್ಲ ದಕ್ತೂರಾ, ಅಂದರೆ ಡಾಕ್ಟರಮ್ಮ, ಎಂದು ಕರೆಯುತ್ತಿದ್ದರು. ಹಾಳೆ ತಿರುವುತ್ತಾ ಹೋದರು. “ಇದು ನೀವು ತುಂಬಿಸಿದ್ದೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೌದು ಎಂದು ಎದೆಯುಬ್ಬಿಸಿದೆ. “ಇಷ್ಟು ಚೆನ್ನಾಗಿ ಯಾರೂ ತುಂಬಿಸುವುದಿಲ್ಲ” ಅಂದವರೇ ಫೈಲನ್ನು ಆಹಾರ ಪೂರಕದ ಎಡಗಡೆಯ ತಟ್ಟೆಯಿಂದ ಎತ್ತಿ ಬಲಗಡೆಯ ತಟ್ಟೆಗೆ ಹಾಕಿದರು. ಬಲಗಡೆಯದು ಔಷಧಿ ವಿಭಾಗದ ತಟ್ಟೆ. ಔಷಧಿ ಎಂದರೆ ಪ್ರಯೋಗಾಲಯದ ವರದಿ, ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ದಾಖಲೆ, ನೋಂದಾಯಿತ ಕಂಪನಿ, ವರ್ಷಗಟ್ಟಲೆ ಕೆಲಸ. ಅವನ್ನೆಲ್ಲ ಒಂದು ಸಣ್ಣ ಅಂಗಡಿಯ ಅಜ್ಜಿ ಎಲ್ಲಿಂದ ತರಬೇಕು? ಸರಕು ಗೋದಾಮಿನಲ್ಲೇ ಉಳಿಯಿತು. ತಿಂಗಳ ಕೊನೆಯೊಳಗೆ ಇತ್ಯರ್ಥವಾಗದಿದ್ದರೆ ವಾಪಸು ಕಳಿಸಬೇಕು, ಇಲ್ಲವೇ ಸುಡಬೇಕು.

“ಎಂತ ಬಾಯಮ್ಮ ಇದು?” ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. “ನೀವು ಸರಕಿನ ಪಟ್ಟಿ ಮಾಡಿದ್ದಾ, ರೋಗದ ಪಟ್ಟಿ ಮಾಡಿದ್ದಾ? ಬೇರೆಯವರು ಎಂತದೂ ಬರೀದೆ ಕೆಡಿಸ್ತಾರೆ. ನೀವೊಬ್ರು ಬರ್ದು ಬರ್ದು ಕೆಡಿಸಿದ್ದು!”

ಅವರಂದದ್ದು ಸರಿಯಾಗಿಯೇ ಇತ್ತು, ಅದಕ್ಕೇ ಹೆಚ್ಚು ಉರಿಯಿತು. ಅಜ್ಜಿಯ ಅಂಗಡಿಯ ಕಪಾಟುಗಳು ಬರಿದಾಗುತ್ತಾ ಬಂದಿದ್ದವು. ಲೈಸೆನ್ಸು ಅವರ ಕತಾರಿ ಪಾಲುದಾರನ ಹೆಸರಿನಲ್ಲಿತ್ತು. ಮಾಲಿಲ್ಲದ ಅಂಗಡಿಗೆ ಅದನ್ನು ನವೀಕರಿಸುವುದಿಲ್ಲ ಎಂದು ಆತ ಆಗಲೇ ಹೇಳಿ ಕಳಿಸಿದ್ದ. ಅಂಗಡಿ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಹದಿನಾರು ವರ್ಷ ಬಾಳಿದ ಊರು ಹೋಯಿತು. ಎಲ್ಲದಕ್ಕೂ ಕಾರಣ ನನ್ನ ದುಂಡಗಿನ ಅಕ್ಷರ. ಅವರ ತಲೆಯ ಮೇಲೆ ನಾನೇ ಚಪ್ಪಡಿ ಎಳೆದಿದ್ದೆ.

ಮತ್ತೆ ದಕ್ತೂರಾ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಅವರು ಒಂದು ಸಲ ತಿದ್ದಲು ಅವಕಾಶ ಕೊಟ್ಟರು. “ಆದರೆ ಕಾಗದ ನೋಡಿ ಬಿಡುವುದಿಲ್ಲ. ಚೀಲಗಳನ್ನು ತೆರೆಸಿ ನಾನೇ ನೋಡುತ್ತೇನೆ” ಎಂದರು.

ಸಾಹೇಬರಿಗೆ ದಾರಿ ಸಲೀಸಾಗಿ ಕಂಡಿತು. “ಎಲ್ಲದಕ್ಕೂ ಚಾ ಅಂತ ಬರೀರಿ. ಶುಂಠಿ ಚಾ, ಬೇರಿನ ಚಾ, ತೊಗಟೆ ಚಾ. ಆಹಾರ ಅಂತಾಯ್ತು, ಖಲಾಸ್.”

ಅಜ್ಜಿಗೆ ಇದನ್ನು ಹೇಳಿದ್ದೇ ತಡ, ಅವರು ಕುರ್ಚಿಯಿಂದ ಎದ್ದರು. “ಚಾಯ್ ಮಾಫಿ!”, ಚಹಾ ಅಲ್ಲ, ಎಂದು ತಮ್ಮ ಅರಬಿಯಲ್ಲಿ ಕೂಗಿ ಮೇಜು ಕುಟ್ಟಿದರು. ಉಳಿದದ್ದು ಅವರ ಹರಕು ಇಂಗ್ಲಿಷಿನಲ್ಲಿ ಬಂತು. ನಾನು ಕನ್ನಡದಲ್ಲಿ ಹೇಳುತ್ತೇನೆ. “ನನ್ನ ಅಪ್ಪ ಚಹಾ ಮಾರಲಿಲ್ಲ. ಅಂಗಡಿ ಮುಚ್ಚಿದರೆ ಮುಚ್ಚಲಿ. ಸುಡುವುದಾದರೆ ಅದರ ಹೆಸರಿನಲ್ಲೇ ಸುಡಲಿ.”

ಸಾಹೇಬರು ನನ್ನ ಮುಖ ನೋಡಿದರು. ಈ ಇಬ್ಬರು ಹೆಂಗಸರು ಸೇರಿ ತನ್ನ ಆಫೀಸನ್ನು ಮುಳುಗಿಸುತ್ತಾರೆ ಎಂಬ ಭಾವ ಅದರಲ್ಲಿತ್ತು. ನನಗೋ ಅಜ್ಜಿಯ ಮೇಲೆ ಪ್ರೀತಿ ಉಕ್ಕಿತು. ಆದರೆ ಪ್ರೀತಿಯಿಂದ ಗೋದಾಮಿನ ಬಾಗಿಲು ತೆರೆಯುವುದಿಲ್ಲ. ಅವರನ್ನು ಕೂರಿಸಿ, ನೀರು ಕೊಟ್ಟು, ನಮ್ಮೂರಿನ ಕಷಾಯದ ವಿಷಯ ಹೇಳಿದೆ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಕ್ರೈಸ್ತರಾದ ನಮ್ಮ ಮನೆಯಲ್ಲೂ ಕುಡಿಯುತ್ತಿದ್ದೆವು. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಿಂದ ಜಜ್ಜಿಯೇ ತೊಗಟೆ ತೆಗೆಯಬೇಕು. ಕರಿಮೆಣಸು, ಬೆಳ್ಳುಳ್ಳಿ, ಓಮ ಅರೆದು ಹಾಕಿ ಕೊಡುತ್ತಿದ್ದರು. ಕಹಿಯೆಂದರೆ ಕಣ್ಣಲ್ಲಿ ನೀರು ಬರುವಷ್ಟು ಕಹಿ. ಯಾವ ರೋಗಕ್ಕೆ ಎಂದು ಅಪ್ಪ ಒಂದು ದಿನವೂ ಹೇಳಲಿಲ್ಲ. ಕುಡಿ ಅಂದರೆ ಕುಡಿ. ಕುಡಿದ ಮೇಲೆ ಮೆಂತೆ ಗಂಜಿ. ಅದನ್ನು ಯಾರೂ ಚಹಾ ಅನ್ನಲಿಲ್ಲ, ಔಷಧಿ ಎಂದು ಡಂಗುರವನ್ನೂ ಹೊಡೆಯಲಿಲ್ಲ. ಹಾಲೆ ಮರದ ತೊಗಟೆ ಎಂದರೆ ಹಾಲೆ ಮರದ ತೊಗಟೆ.

“ಹಾಗೇ ಬರೆಯೋಣ. ಗಿಡದ ಹೆಸರು, ಯಾವ ಭಾಗ, ಎಷ್ಟು ತೂಕ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ” ಅಂದೆ.

ಅಜ್ಜಿ ಗ್ಲಾಸಿನ ನೀರು ಕುಡಿದು ಮುಗಿಸಿದರು. ಆಮೇಲೆ ಕೇಳಿದರು, “ಬೆಳ್ಳುಳ್ಳಿ ಎಷ್ಟು ಎಸಳು?” ಒಪ್ಪಿದ್ದಾರೆ ಎಂದು ಅರ್ಥವಾಯಿತು.

ಹಾಗೆ ನನ್ನ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಕಲಮನ್ನು ಬೇಕೆಂದೇ ಖಾಲಿ ಬಿಟ್ಟೆ. ಅರ್ಜಿಯ ಇಪ್ಪತ್ತಾರು ಹಾಳೆಗಳಲ್ಲಿ ‘ಉಪಯೋಗ’ದ ಎದುರು ಬರೀ ಒಂದು ಅಡ್ಡಗೆರೆ. ಅದರ ಸೇಡನ್ನು ಲ್ಯಾಟಿನ್ ಹೆಸರುಗಳ ಮೇಲೆ ತೀರಿಸಿಕೊಂಡೆ. ಚೀನಾದಿಂದ ಬಂದ ಪ್ರಮಾಣಪತ್ರ ಒಂದು ಕಡೆ, ಕಾಲೇಜಿನ ಹಳೆಯ ಪುಸ್ತಕ ಇನ್ನೊಂದು ಕಡೆ ಇಟ್ಟುಕೊಂಡು ಒಂದೊಂದು ಹೆಸರನ್ನೂ ತಾಳೆ ನೋಡಿ ಟಿಕ್ ಹಾಕಿದೆ. ಮರೆತೇಹೋಗಿದ್ದ ಕುಲ, ಜಾತಿ, ಪ್ರಭೇದಗಳೆಲ್ಲ ಹಳೆಯ ಗೆಳತಿಯರ ಹಾಗೆ ಮಾತಾಡಿಸಿದವು.

ಅರ್ಜಿಯ ಕೊನೆಯಲ್ಲಿ ‘ಗುರುತಿಸಿದವರು’ ಎಂಬ ಕಲಂ ಇತ್ತು. ಪದವಿ ಇರುವವರೇ ಆಗಬೇಕು, ಸರ್ಟಿಫಿಕೇಟ್ ಲಗತ್ತಿಸಬೇಕು. ತಪಾಸಣೆಯ ದಿನ ಅಧಿಕಾರಿಯ ಎದುರೇ ಅದನ್ನು ತುಂಬಿಸಬೇಕು. “ಬಾಯಮ್ಮ, ನಿಮ್ಮದು ಬಾಟನಿ ಅಲ್ವಾ? ನಿಮ್ಮ ಹೆಸರೇ ಹಾಕುವ” ಎಂದರು ಸಾಹೇಬರು. ನಾನು ಒಪ್ಪಿದೆ. ಒಪ್ಪಿದ್ದೇನು, ಹಿಗ್ಗಿಹೋದೆ. ಆ ಸಂಜೆ ಮದುವೆ ಸೀರೆಯ ಕೆಳಗಿನಿಂದ ಸರ್ಟಿಫಿಕೇಟು ಹೊರಬಂತು. ಗಂಡ ನಕ್ಕ. “ಸೀರೆಗಿಂತ ಇದಕ್ಕೇ ನೀನು ಹೆಚ್ಚು ನುಸಿಗುಳಿಗೆ ಇಟ್ಟಿದ್ದೆ” ಎಂದು ರೇಗಿಸಿದ.

ತಪಾಸಣೆ ಗೋದಾಮಿನಲ್ಲಿ, ಒಂದು ಬೆಳಿಗ್ಗೆ. ಉದ್ದನೆಯ ಮೇಜಿನ ಮೇಲೆ ಇಪ್ಪತ್ತಾರು ಚೀಲ ಸಾಲಾಗಿ ಇಟ್ಟಿದ್ದರು. ದಕ್ತೂರಾ ಒಂದೊಂದು ಚೀಲದ ಹೆಸರು ಓದುವುದು, ಅಜ್ಜಿ ಅದನ್ನು ತೆರೆದು ತೋರಿಸುವುದು, ನಾನು ಪಟ್ಟಿಯೊಂದಿಗೆ ತಾಳೆ ನೋಡುವುದು. ಅಜ್ಜಿ ಸುಮ್ಮನೆ ತೋರಿಸಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಪ್ರತಿ ಚೀಲದಿಂದಲೂ ಒಂದು ಚೂರು ತೆಗೆದು ಮೂಸಿ, ಮುರಿದು, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಂಗಡಿಗೆ ಮಾಲು ಬಂದಾಗಲೂ ಅವರು ಹೀಗೇ ಮಾಡುತ್ತಿದ್ದುದು, ಅಪ್ಪ ಕಲಿಸಿದ ಪದ್ಧತಿ.

ಹತ್ತೊಂಬತ್ತನೆಯ ಚೀಲದಲ್ಲಿ ಬಿಲ್ಲೆಬಿಲ್ಲೆಯಾಗಿ ಕೊಯ್ದು ಒಣಗಿಸಿದ ಒಂದು ಬೇರು ಇತ್ತು. ಊದಿದ ಕಾಲಿಗೆ ಕೊಡುವಂಥದು. ಅಜ್ಜಿ ಒಂದು ಬಿಲ್ಲೆ ಮುರಿದರು. ಇನ್ನೊಂದು ಮುರಿದರು. ನಾಲಿಗೆಯ ತುದಿಗೆ ತಾಗಿಸಿ ತಕ್ಷಣ ಕರವಸ್ತ್ರಕ್ಕೆ ಉಗುಳಿದರು. ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು, “ಇದು ಅದಲ್ಲ. ಇದು ಮೂತ್ರಪಿಂಡ ತಿನ್ನುವ ಬೇರು.”

ನನ್ನ ಕೈಯಲ್ಲಿ ಪ್ರಮಾಣಪತ್ರ ಇತ್ತು. ಲ್ಯಾಟಿನ್ ಹೆಸರು ಸರಿ, ಭಾಗ ಸರಿ, ತೂಕ ಸರಿ, ಕಳಿಸಿದವರ ಮುದ್ರೆ ಸರಿ. ಪಕ್ಕದಲ್ಲಿ ನನ್ನ ಟಿಕ್ ಕೂಡ ಇತ್ತು. ಕಾಗದದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಚೀಲದಲ್ಲಿದ್ದ ಬೇರೇ ತಪ್ಪು.

ದಕ್ತೂರಾ ಇಪ್ಪತ್ತನೆಯ ಚೀಲದ ಕಾಗದ ಹುಡುಕುತ್ತಿದ್ದರು. ಸಾಹೇಬರು ನನ್ನ ಬಳಿಗೆ ಬಂದು ಕನ್ನಡದಲ್ಲಿ ಪಿಸುಗುಟ್ಟಿದರು. “ಬಾಯಮ್ಮ, ಅದನ್ನು ಇಲ್ಲಿ ಹೇಳ್ಲಿಕ್ಕೆ ಹೋಗ್ಬೇಡಿ. ಒಂದಕ್ಕೆ ಕೆಟ್ಟ ಹೆಸರು ಬಂದ್ರೆ ಇಪ್ಪತ್ತಾರಕ್ಕೂ ಸಂಶಯ ಬರ್ತದೆ, ಎಲ್ಲ ಸುಡಿಸ್ತಾರೆ. ಅಂಗಡಿಗೆ ಒಯ್ದ ಮೇಲೆ ಆ ಚೀಲ ಮಾತ್ರ ಬಿಸಾಡುವ. ಯಾರಿಗೆ ಗೊತ್ತಾಗ್ತದೆ?”

ಅವರು ಕೆಟ್ಟವರಲ್ಲ. ಬಿಸಾಡುತ್ತೇನೆ ಎಂದದ್ದೂ ನಿಜವೇ. ಅಜ್ಜಿ ನನ್ನನ್ನೇ ನೋಡುತ್ತಾ ನಿಂತಿದ್ದರು. ಆ ಚೀಲದ ಬಾಯಿಯ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

ಅಜ್ಜಿಗೆ ಕಷಾಯದ ಕಥೆ ಹೇಳುವಾಗ ಒಂದು ಮಾತನ್ನು ನಾನು ನುಂಗಿಕೊಂಡಿದ್ದೆ. ಹಾಲೆ ಮರದ ತೊಗಟೆಯನ್ನು ಬೆಳಕು ಹರಿಯುವ ಮುಂಚೆ ತರುವುದು ರೂಢಿ. ಅದಕ್ಕೇ ಅಪ್ಪ ಹಿಂದಿನ ದಿನ ಹಗಲಿನಲ್ಲೇ ಹೋಗಿ, ಎಲೆ ನೋಡಿ, ಹಾಲು ನೋಡಿ, ಮರಕ್ಕೆ ಬಾಳೆನಾರು ಕಟ್ಟಿ ಬರುತ್ತಿದ್ದರು. ಒಂದು ವರ್ಷ ನಮ್ಮ ನೆರೆಮನೆಯವರೊಬ್ಬರು ಗುರುತು ಕಟ್ಟದೆ ಹೋದರು. ತಂದದ್ದು ಕಾಸರಕದ ತೊಗಟೆ, ವಿಷ. ಮನೆಯವರಿಗೆ ಕೊಡುವ ಮೊದಲು ತಾವು ಕುಡಿದರು, ಹಾಗಾಗಿ ಅವರೊಬ್ಬರೇ ಹೋದರು. ಆಮೇಲೆ ಅಪ್ಪ ನಮಗೆ ಹೇಳಿದ್ದು ಒಂದೇ ಮಾತು: “ಮರ ಗೊತ್ತಿಲ್ಲದವನು ಮದ್ದು ಮುಟ್ಟಬಾರದು.”

“ದಕ್ತೂರಾ,” ಅಂದೆ, ಗೋದಾಮಿನ ತುಂಬ ಕೇಳುವ ಹಾಗೆ. “ಹತ್ತೊಂಬತ್ತನೇ ಚೀಲ ತಪ್ಪು. ಕಾಗದ ಸರಿಯಿದೆ, ಬೇರು ಬೇರೆ.”

ಸಾಹೇಬರು ಕಣ್ಣು ಮುಚ್ಚಿಕೊಂಡರು. ದಕ್ತೂರಾ ಹತ್ತಿರ ಬಂದರು. “ಯಾರು ಹೇಳಿದ್ದು?” ಎಂದು ಕೇಳಿದರು. ಅಜ್ಜಿಯನ್ನು ತೋರಿಸಿದೆ. ಅಜ್ಜಿ ಬಿಲ್ಲೆ ಮುರಿದು ಕೈಗೆ ಕೊಟ್ಟರು. ಸರಿಯಾದ ಬೇರು ಮುರಿದರೆ ಹಿಟ್ಟು ಉದುರಬೇಕು, ಇದರಲ್ಲಿ ನಾರು ಎದ್ದು ನಿಲ್ಲುತ್ತಿತ್ತು. ಹೋದ ಸಲದ ಮಾಲಿನ ಒಂದು ಬಿಲ್ಲೆಯನ್ನು ಅವರು ಹೋಲಿಸಲೆಂದೇ ತಂದಿದ್ದರು. ಅದನ್ನೂ ಮುರಿದು ತೋರಿಸಿದರು. ದಕ್ತೂರಾ ಅವರ ಅಬಾಯದ ಕಪ್ಪು ತೋಳಿನ ಮೇಲೆ ಬಿಳಿ ಹಿಟ್ಟು ಬಿತ್ತು. ಅವರು ಅದನ್ನು ಕೊಡವಿಕೊಳ್ಳಲಿಲ್ಲ. ಎರಡೂ ಬಿಲ್ಲೆಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

“ನಿಮ್ಮ ಸರಕನ್ನು ನೀವೇ ತಿರಸ್ಕರಿಸುತ್ತಿದ್ದೀರಾ?” ಎಂದು ಕೊನೆಗೆ ಕೇಳಿದರು.

“ಇದನ್ನು ಕುಡಿಯುವುದು ಜನ,” ಅಂದರು ಅಜ್ಜಿ. ಅಷ್ಟೇ.

ದಕ್ತೂರಾ ಹತ್ತೊಂಬತ್ತನೆಯ ಚೀಲಕ್ಕೆ ಸೀಲು ಹಾಕಿಸಿದರು. ಉಳಿದ ಇಪ್ಪತ್ತೈದರಿಂದಲೂ ಮಾದರಿ ತೆಗೆಸಿ ಪ್ರಯೋಗಾಲಯಕ್ಕೆ ಕಳಿಸುವುದಾಗಿ ಹೇಳಿದರು. ವರದಿ ಬರುವವರೆಗೆ ಸುಡುವುದೂ ಇಲ್ಲ, ಬಿಡುವುದೂ ಇಲ್ಲ. ಆಮೇಲೆ ಅರ್ಜಿಯನ್ನು ನನ್ನ ಕಡೆ ತಳ್ಳಿ, “ಒಂದು ಕಲಂ ಖಾಲಿಯಿದೆ” ಎಂದರು.

‘ಗುರುತಿಸಿದವರು’. ನನ್ನ ಸರ್ಟಿಫಿಕೇಟು ಅದರ ಕೆಳಗೇ, ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡು ಹೊಳೆಯುತ್ತಿತ್ತು. ಹತ್ತು ವರ್ಷ ಕಾದಿದ್ದೆ ಆ ಒಂದು ಸಾಲಿಗೆ. ಪೆನ್ನು ತೆಗೆದು ಅಜ್ಜಿಯ ಹೆಸರು ಬರೆದೆ, ಇಂಗ್ಲಿಷಿನಲ್ಲಿ ಒಮ್ಮೆ, ಅರಬಿಯಲ್ಲಿ ಒಮ್ಮೆ.

“ಇವರಿಗೆ ಪದವಿ ಇದೆಯೇ?” ದಕ್ತೂರಾ ಕೇಳಿದರು.

“ಇಲ್ಲ. ಪದವಿ ನನಗಿದೆ. ಆದರೆ ನನ್ನ ಪದವಿ ಹತ್ತೊಂಬತ್ತನೇ ಚೀಲಕ್ಕೆ ಟಿಕ್ ಹಾಕಿತ್ತು” ಅಂದೆ.

ಆ ಹೆಣ್ಣುಮಗಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಕ್ಕು, ಮತ್ತೆ ಗಂಭೀರರಾಗಿ, ನಿಯಮದ ಹಾಳೆಯನ್ನು ಎರಡು ಸಲ ಓದಿದರು. “ಗುರುತಿಸಿದವರು ಅವರೇ ಇರಲಿ. ಕೆಳಗೆ ಇನ್ನೊಂದು ಸಾಲು ಎಳೆದು, ಪರಿಶೀಲಿಸಿದವರು ಎಂದು ನಿಮ್ಮ ಹೆಸರು, ಸರ್ಟಿಫಿಕೇಟಿನ ನಂಬರು ಬರೆಯಿರಿ. ನಾನು ಸಹಿ ಹಾಕುತ್ತೇನೆ.” ಬರೆದೆ. ನನ್ನ ಹೆಸರು ಇನ್ನೊಬ್ಬರ ಹೆಸರಿನ ಕೆಳಗೆ ಅಷ್ಟು ಚಂದ ಕಂಡದ್ದು ಮುಂದೆಂದೂ ಇಲ್ಲ.

ವರದಿ ಬರಲು ಮೂರು ವಾರ ಹಿಡಿಯಿತು. ಅಜ್ಜಿ ಬರಿದಾದ ಕಪಾಟುಗಳನ್ನು ದಿನಾ ಒರೆಸುತ್ತಾ ಕೂತಿದ್ದರು. ಸಾಹೇಬರು ನನ್ನೊಂದಿಗೆ ಕೆಲಸಕ್ಕೆಷ್ಟು ಬೇಕೋ ಅಷ್ಟೇ ಮಾತಾಡಿದರು. ಪಾಲುದಾರ ಎರಡು ಸಲ ಬಂದಾಗ ಮಾತ್ರ ಅವರೇ ಎದುರು ನಿಂತು, ನನಗೆ ಅರ್ಧವೂ ತಿಳಿಯದ ಅರಬಿಯಲ್ಲಿ ಮಾತಾಡಿ, ಲೈಸೆನ್ಸಿನ ಮಾತನ್ನು ವರದಿ ಬರುವವರೆಗೆ ಮುಂದೆ ಹಾಕಿಸಿದರು. ನಾನು ಆ ದಿನಗಳಲ್ಲಿ ಸರಿಯಾಗಿ ನಿದ್ದೆ ಮಾಡಲಿಲ್ಲ, ಆದರೆ ಮಾಡಿದ್ದಕ್ಕೆ ಒಂದು ಕ್ಷಣವೂ ಪಶ್ಚಾತ್ತಾಪಪಡಲಿಲ್ಲ.

ಇಪ್ಪತ್ತೈದು ಚೀಲ ಪಾಸಾದವು. ಹತ್ತೊಂಬತ್ತನೆಯದರ ಎದುರು, ಅಜ್ಜಿಯ ನಾಲಿಗೆ ಹೇಳಿದ ಅದೇ ವಿಷದ ಹೆಸರು ಲ್ಯಾಟಿನ್ನಿನಲ್ಲಿತ್ತು. ಸಾಹೇಬರು ವರದಿ ಓದಿ ಕನ್ನಡಕ ತೆಗೆದರು. “ನನ್ನ ಹೆಂಡತಿ ಕಾಲು ಊದಿದ್ದಕ್ಕೆ ಅಲ್ಲಿಂದಲೇ ಬೇರು ತಕೊಳ್ಳುದು, ಬಾಯಮ್ಮ” ಎಂದರು. ಆ ದಿನ ನನಗೂ ಅಜ್ಜಿಗೂ ಬಿರಿಯಾನಿ ತರಿಸಿದರು.

ಅಜ್ಜಿ ಕೇಳಿದ್ದು ಅರ್ಜಿಯ ಕೊನೆಯ ಪುಟದ ಒಂದು ನಕಲನ್ನು ಮಾತ್ರ. ಅಂಗಡಿಗೆ ಒಯ್ದುಕೊಟ್ಟಾಗ ಕಪಾಟುಗಳು ತುಂಬಿದ್ದವು, ಬಾಗಿಲಲ್ಲಿ ಇಬ್ಬರು ನರ್ಸುಗಳು ಕಾದಿದ್ದರು. ಅಜ್ಜಿಗೆ ಇಂಗ್ಲಿಷ್ ಓದು ಅಷ್ಟಕ್ಕಷ್ಟೆ, ಅರಬಿ ಓದು ಇಲ್ಲವೇ ಇಲ್ಲ. “ಎಲ್ಲಿ?” ಎಂದರು. ಬೆರಳಿಟ್ಟು ತೋರಿಸಿದೆ. “ಓದು” ಎಂದರು. ಗುರುತಿಸಿದವರು ಎಂದು ಓದಿ, ಅವರ ಹೆಸರು ಓದಿದೆ. ಅವರು ನರ್ಸುಗಳ ಕಡೆಗೊಮ್ಮೆ ನೋಡಿ, ನನ್ನ ಕಡೆ ತಿರುಗಿ, “ಇನ್ನೊಂದು ಸಲ, ಜೋರಾಗಿ” ಎಂದರು.

ಜೋರಾಗಿ ಓದಿದೆ.